ರೀಡ್, ರೈಟ್ ಮತ್ತು ನಡುವಿನ ಬಫರ್: ಸಿ ಲೈಬ್ರರಿಯ ಫೈಲ್ ಪದರವನ್ನು ಕೈಯಾರೆ ಕಟ್ಟಿದ ಲಾಗ್

ಸಿ ಬರೆಯುವವರೆಲ್ಲ ಫೈಲ್ ತೆರೆಯಲು ಎಫ್‌ಓಪನ್, ಒಂದೊಂದು ಬೈಟ್ ಓದಲು ಗೆಟ್‌ಸಿ, ಬರೆಯಲು ಪುಟ್‌ಸಿ ಬಳಸುತ್ತೇವೆ. ಇವೆಲ್ಲ ನಿಂತಿರುವುದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೊಡುವ ಬೆರಳೆಣಿಕೆಯ ಸಿಸ್ಟಮ್ ಕಾಲ್‌ಗಳ, ಅಂದರೆ ಅದರಿಂದ ಕೆಲಸ ಮಾಡಿಸುವ ಕರೆಗಳ ಮೇಲೆ: ಓಪನ್, ರೀಡ್, ರೈಟ್, ಎಲ್‌ಸೀಕ್ (ಫೈಲ್‌ನಲ್ಲಿ ಸ್ಥಾನ ಬದಲಿಸುವುದು), ಕ್ಲೋಸ್. ಈ ಎರಡರ ನಡುವಿನ ಪದರವನ್ನು ನಾನೇ ಬರೆಯಬೇಕು, ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಒಂದು ಸಾಲೂ ಒಳಗೆ ಬರಬಾರದು ಅಂತ ಹೊರಟೆ. ಯಂತ್ರ 64 ಬಿಟ್ ಇಂಟೆಲ್ ಲ್ಯಾಪ್‌ಟಾಪ್, ಮೇಲೆ ಲಿನಕ್ಸ್, ಕಂಪೈಲರ್ ಜಿಸಿಸಿ. ಕೊನೆಗೆ ಇದರ ಮೇಲೆ ಮೂರು ಪುಟ್ಟ ಪ್ರೋಗ್ರಾಂ ಓಡಬೇಕು. ಒಂದು ಫೈಲ್ ಕಾಪಿ ಮಾಡುವುದು, ಇನ್ನೊಂದು ಮೊದಲ ಸಾಲನ್ನು ಮಾತ್ರ ಓದುವುದು, ಮತ್ತೊಂದು ಅಕ್ಷರ ಎಣಿಸುವುದು.

ಪರೀಕ್ಷೆಗೆ ಕನ್ನಡ ಫೈಲ್‌ಗಳನ್ನೇ ಇಟ್ಟುಕೊಂಡೆ. ಅಭಿಮಾನ ಇದ್ದೇ ಇದೆ, ಆದರೆ ಕಾರಣ ಬೇರೆ. ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಅನ್ನೋ ಪದ ಕ, ನ, ಹಲಂತ, ನ, ಡ ಸೇರಿ 5 ಸಂಕೇತ, 15 ಬೈಟ್. ಬಫರ್‌ಗಳು (ಬೈಟ್‌ಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಮೆಮೊರಿ) ಮಾತ್ರ 4096ರಂಥ ಅಳತೆಯವು. 4096 ಮೂರರಿಂದ ಭಾಗವಾಗುವುದಿಲ್ಲ. ಹಾಗಾಗಿ ಬಫರ್ ಅಂಚಿನಲ್ಲಿ ಏನೇ ಎಡವಟ್ಟಾದರೂ ಒಡೆದ ಅಕ್ಷರ ಕಣ್ಣಿಗೆ ಹೊಡೆಯುತ್ತದೆ. ಇಂಗ್ಲಿಷ್ ಫೈಲ್‌ನಲ್ಲಿ ಅದೇ ತಪ್ಪು ಸದ್ದಿಲ್ಲದೆ ದಾಟಿಹೋಗುತ್ತದೆ.

ಕರ್ನಲ್‌ಗೆ ಬಾಗಿಲು

ಮೊದಲ ಕೆಲಸ, ಸಿಸ್ಟಮ್ ಕಾಲ್ ಮಾಡುವ ನಾಲ್ಕೈದು ಸಾಲು ಅಸೆಂಬ್ಲಿ. ಕಾಲ್ ನಂಬರ್ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಇರಬೇಕು. ರೀಡ್‌ಗೆ 0, ರೈಟ್‌ಗೆ 1, ಓಪನ್‌ಗೆ 2, ಕ್ಲೋಸ್‌ಗೆ 3, ಎಲ್‌ಸೀಕ್‌ಗೆ 8, ಎಕ್ಸಿಟ್‌ಗೆ 60. ಮೊದಲ ಮೂರು ಆರ್ಗ್ಯುಮೆಂಟ್‌ಗಳು ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್‌ನಲ್ಲಿ ಹೋಗುತ್ತವೆ. ನಾಲ್ಕನೆಯದು ಆರ್10ರಲ್ಲಿ. ಮಾಮೂಲಿ ಫಂಕ್ಷನ್ ಕರೆಯಲ್ಲಿ ನಾಲ್ಕನೆಯದು ಆರ್‌ಸಿಎಕ್ಸ್‌ನಲ್ಲಿ ಹೋಗುತ್ತದೆ ಅಲ್ವಾ? ಇಲ್ಲಿ ಆಗುವುದಿಲ್ಲ. ಸಿಸ್‌ಕಾಲ್ ಸೂಚನೆ ತಾನು ಮರಳಬೇಕಾದ ವಿಳಾಸವನ್ನು ಆರ್‌ಸಿಎಕ್ಸ್‌ನಲ್ಲೂ ಫ್ಲ್ಯಾಗ್‌ಗಳನ್ನು ಆರ್11ರಲ್ಲೂ ಬರೆದುಬಿಡುತ್ತದೆ. ಈ ಎರಡೂ ಅಳಿಸಿಹೋಗುತ್ತವೆ ಅಂತ ಕಂಪೈಲರ್‌ಗೆ ಹೇಳಲೇಬೇಕು.

ಇನ್ನೊಂದು ಮಾತನ್ನೂ ಹೇಳಬೇಕು: ಮೆಮೊರಿ ಬದಲಾಗಬಹುದು ಅಂತ. ರೀಡ್ ನಮ್ಮ ಬಫರ್‌ಗೆ ಬರೆಯುತ್ತದೆ ಅನ್ನೋದು ಜಿಸಿಸಿಗೆ ಹೇಗೆ ಗೊತ್ತಾಗಬೇಕು? ಅದು ನೋಡುವುದು ಒಂದು ಪಾಯಿಂಟರ್ ರಿಜಿಸ್ಟರ್‌ಗೆ ಹೋಯಿತು ಅನ್ನೋದನ್ನು ಮಾತ್ರ. ಹೇಳದಿದ್ದರೆ, ಬಫರ್‌ನ ಹಳೆಯ ಬೆಲೆಯನ್ನೇ ನಂಬಿಕೊಂಡು ಮುಂದಿನ ಕೋಡ್ ಓಡಿಸುವ ಹಕ್ಕು ಅದಕ್ಕಿದೆ. ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನು ವೇಗಗೊಳಿಸುವುದು) ಇಲ್ಲದೆ ಸರಿ ಓಡಿ, ಅದನ್ನು ಹಚ್ಚುವ -ಓ2 ಹಾಕಿದ ತಕ್ಷಣ ಕೆಡುವ ಪ್ರೋಗ್ರಾಂಗಳಲ್ಲಿ ಇಂಥವು ಬಹಳ.

ತಪ್ಪಿನ ಸಂಖ್ಯೆ ಇಡುವ ಎರ್‌ನೋ ಅನ್ನೋದು ಕರ್ನಲ್‌ನದ್ದಲ್ಲ, ಲೈಬ್ರರಿಯದ್ದು. ಕರ್ನಲ್ ತಪ್ಪನ್ನು ಋಣ ಸಂಖ್ಯೆಯಾಗಿ ವಾಪಸ್ ಕೊಡುತ್ತದೆ. ಫೈಲ್ ಇಲ್ಲದಿದ್ದರೆ -2, ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಕರ್ನಲ್ ಕೊಡುವ ನಂಬರ್) ತಪ್ಪಿದ್ದರೆ -9. ಫಲಿತಾಂಶ -1ರಿಂದ -4095ರ ಒಳಗಿದ್ದರೆ ಅದು ತಪ್ಪು. ಆಗ ಚಿಹ್ನೆ ಬದಲಿಸಿ ಎರ್‌ನೋದಲ್ಲಿಟ್ಟು -1 ಕೊಡುವುದು ನಮ್ಮ ಕೆಲಸ. 'ಸೊನ್ನೆಗಿಂತ ಕಡಿಮೆಯೇ' ಅಂತಷ್ಟೇ ನೋಡಿದರೆ ಸಾಲದು. ಎಂಮ್ಯಾಪ್‌ನಂಥ ಕಾಲ್‌ಗಳು ವಿಳಾಸ ಕೊಡುತ್ತವೆ, ಅದನ್ನು ಚಿಹ್ನೆಯ ಲೆಕ್ಕದಲ್ಲಿ ನೋಡುವುದು ಸರಿಯಲ್ಲ. ಹಾಗಾಗಿ 4095ರ ಗಡಿಯನ್ನೇ ಎಲ್ಲ ಕಡೆ ಇಟ್ಟೆ.

ಪ್ರೋಗ್ರಾಂ ಶುರುವಾಗುವ ಜಾಗ ಮೈನ್ ಅಲ್ಲ, ಅದಕ್ಕೂ ಮೊದಲಿನ ಸ್ಟಾರ್ಟ್ ಗುರುತು. ಅಲ್ಲಿ ಸ್ಟ್ಯಾಕ್‌ನ ತುದಿಯಲ್ಲಿ ಆರ್ಗ್ಯುಮೆಂಟ್‌ಗಳ ಎಣಿಕೆ, ಅದರ ಮುಂದೆ ಅವುಗಳ ಪಾಯಿಂಟರ್‌ಗಳು ಇರುತ್ತವೆ. ಸ್ಟ್ಯಾಕನ್ನು 16 ಬೈಟ್‌ಗೆ ಸರಿಹೊಂದಿಸಿ ಮೈನ್ ಕರೆದೆ. ಅದು ಮರಳಿದ ಮೇಲೆ ಬಫರ್‌ಗಳನ್ನೆಲ್ಲ ಖಾಲಿ ಮಾಡಿ ಎಕ್ಸಿಟ್ ಕರೆದೆ. ಈ ಎಕ್ಸಿಟ್ ಇಲ್ಲದಿದ್ದರೆ ಮರಳಲು ಜಾಗವೇ ಇರುವುದಿಲ್ಲ, ಸೆಗ್ಮೆಂಟೇಶನ್ ಫಾಲ್ಟ್ ಖಂಡಿತ.

ಕಂಪೈಲ್ ಮಾಡುವಾಗ -ನೋಸ್ಟಡ್‌ಲಿಬ್, -ಸ್ಟ್ಯಾಟಿಕ್, -ಎಫ್‌ಫ್ರೀಸ್ಟ್ಯಾಂಡಿಂಗ್ ಕೊಟ್ಟೆ. ಸ್ಟ್ಯಾಕ್ ಕೆಡುವುದನ್ನು ಹಿಡಿಯುವ ಸ್ಟ್ಯಾಕ್ ಪ್ರೊಟೆಕ್ಟರನ್ನೂ ಬಂದ್ ಮಾಡಿದೆ. ಅದು ಎಫ್‌ಎಸ್ ರಿಜಿಸ್ಟರ್ ಮೂಲಕ ಒಂದು ಗುಟ್ಟಿನ ಸಂಖ್ಯೆ ಓದುತ್ತದೆ. ಆ ಜಾಗವನ್ನು ಸಿದ್ಧಮಾಡುವುದು ಜಿಲಿಬ್‌ಸಿ, ನಮ್ಮಲ್ಲಿ ಅದಿಲ್ಲ. ಇಷ್ಟಾದರೂ ಜಿಸಿಸಿ ಮೆಮ್‌ಕಾಪಿ, ಮೆಮ್‌ಸೆಟ್, ಮೆಮ್‌ಮೂವ್, ಮೆಮ್‌ಕಂಪ್ ಈ ನಾಲ್ಕನ್ನು ತಾನಾಗಿ ಕರೆಯಬಹುದು, ಅವನ್ನು ನಾವೇ ಕೊಡಬೇಕು. ಇಲ್ಲೊಂದು ಸೊಗಸಾದ ಬಲೆ ಇದೆ. ಮೆಮ್‌ಕಾಪಿಯ ಒಳಗೆ ಬೈಟ್ ಬೈಟ್ ನಕಲಿಸುವ ಸರಳ ಲೂಪ್ ಬರೆದರೆ, -ಓ2ನಲ್ಲಿ ಜಿಸಿಸಿ 'ಓಹೋ, ಇದು ಮೆಮ್‌ಕಾಪಿ' ಅಂತ ಗುರುತಿಸಿ ಲೂಪನ್ನೇ ಮೆಮ್‌ಕಾಪಿ ಕರೆಯಾಗಿ ಬದಲಿಸಬಹುದು. ಫಂಕ್ಷನ್ ತನ್ನನ್ನೇ ಕರೆದುಕೊಂಡು ಸ್ಟ್ಯಾಕ್ ಮುಗಿಯುವ ತನಕ ಇಳಿಯುತ್ತದೆ. ಲೂಪ್ ಗುರುತಿಸುವ ಆ ಆಪ್ಟಿಮೈಸೇಶನ್ ಅನ್ನು ಈ ಒಂದು ಫೈಲ್‌ಗೆ ಮಾತ್ರ ನಿಲ್ಲಿಸಿದೆ.

ಪ್ರೋಗ್ರಾಂ ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದಾಗ ಮೂರೇ ಸಾಲು: ಎಕ್ಸೆಕ್‌ವಿಇ (ಪ್ರೋಗ್ರಾಂ ಶುರು ಮಾಡುವ ಕಾಲ್), ರೈಟ್, ಎಕ್ಸಿಟ್. ಮಾಮೂಲಿ ಡೈನಮಿಕ್ ಪ್ರೋಗ್ರಾಂ ಒಂದಕ್ಕೆ ಲೈಬ್ರರಿ ಹುಡುಕಿ ತೆರೆದು ಮ್ಯಾಪ್ ಮಾಡುವ ಸಾಲುಗಳೇ ಪರದೆ ತುಂಬುತ್ತವೆ. ಇಲ್ಲಿ ನಾನು ಬರೆದದ್ದು ಬಿಟ್ಟರೆ ಬೇರೇನೂ ಇಲ್ಲ. ಇನ್ನು ಮುಂದೆ ಕಾಣುವ ಪ್ರತಿ ಸಾಲಿಗೂ ನನ್ನ ಕೋಡೇ ಕಾರಣ ಅನ್ನೋದು ಖಾತ್ರಿಯಾಯಿತು.

ಕೇಳಿದಷ್ಟು ಸಿಗುವುದಿಲ್ಲ

ಇಡೀ ಕೆಲಸದ ತಿರುಳು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ರೀಡ್‌ಗೆ '4096 ಬೈಟ್ ಕೊಡು' ಅಂದರೆ ಅದು 4096 ಕೊಡಬೇಕು ಅಂತೇನಿಲ್ಲ. 'ಗರಿಷ್ಠ ಅಷ್ಟು' ಅನ್ನೋದಷ್ಟೇ ಒಪ್ಪಂದ. ಟರ್ಮಿನಲ್‌ನಿಂದ ಓದಿದರೆ ಒಂದು ಸಾಲು ಸಿಗುತ್ತದೆ. ಪೈಪ್‌ನಿಂದ (ಒಂದು ಪ್ರೋಗ್ರಾಂನ ಔಟ್‌ಪುಟ್ ಇನ್ನೊಂದಕ್ಕೆ ತರುವ ದಾರಿ) ಓದಿದರೆ ಆ ಹೊತ್ತಿಗೆ ಎಷ್ಟು ಬಂದಿದೆಯೋ ಅಷ್ಟು. 0 ಬಂದರೆ ಮಾತ್ರ ಮುಗಿಯಿತು ಅಂತ ಅರ್ಥ. ಕಡಿಮೆ ಬಂತು ಅಂದ ಮಾತ್ರಕ್ಕೆ ಫೈಲ್ ಮುಗಿದಿಲ್ಲ.

ಇದನ್ನು ಕಣ್ಣಾರೆ ನೋಡಲು ಒಂದು ಪರೀಕ್ಷೆ ಮಾಡಿದೆ. 'ಕ' ಅಂದರೆ 224, 178, 149 ಅನ್ನೋ ಮೂರು ಬೈಟ್. ಕಮಾಂಡ್ ಟೈಪ್ ಮಾಡುವ ಶೆಲ್‌ನಲ್ಲಿ ಮೊದಲು 224 ಮಾತ್ರ ಪೈಪ್‌ಗೆ ಹಾಕಿ, ಒಂದು ಸೆಕೆಂಡ್ ಸ್ಲೀಪ್ ಕೊಟ್ಟು, ಉಳಿದ ಎರಡನ್ನು ಹಾಕಿದೆ. ಎಸ್‌ಟ್ರೇಸ್‌ನಲ್ಲಿ ರೀಡ್ ಮೊದಲು 1 ಕೊಟ್ಟಿತು, ಆಮೇಲೆ 2, ಆಮೇಲೆ 0. ಒಂದೇ ಅಕ್ಷರ ಎರಡು ಕಂತಿನಲ್ಲಿ ಬಂತು. ರೀಡ್ ಕೊಟ್ಟ ತುಂಡನ್ನೇ ಪೂರ್ತಿ ಪಠ್ಯ ಅಂದುಕೊಂಡು ಅಕ್ಷರ ಎಣಿಸುವ ಪ್ರೋಗ್ರಾಂ ಇಲ್ಲಿ ಬಿದ್ದೇ ಬೀಳುತ್ತದೆ.

ರೈಟ್ ಕೂಡ ಹಾಗೆಯೇ. ಡಿಸ್ಕ್ ಫೈಲ್‌ಗೆ ಬರೆಯುವಾಗ ಸಾಮಾನ್ಯವಾಗಿ ಪೂರ್ತಿ ಬರೆದುಬಿಡುತ್ತದೆ, ಅದಕ್ಕೇ ಅನೇಕರು ಅದರ ಫಲಿತಾಂಶವನ್ನು ನೋಡುವುದೇ ಇಲ್ಲ. ಪೂರ್ತಿ ಆಗದ ಸಂದರ್ಭವನ್ನು ಬೇಕಂತಲೇ ಹುಟ್ಟಿಸಬಹುದು. ಬ್ಯಾಶ್ ಶೆಲ್‌ನಲ್ಲಿ ಯುಲಿಮಿಟ್ -ಎಫ್ 8 ಅಂದರೆ ಫೈಲ್ ಗಾತ್ರದ ಮಿತಿ 8192 ಬೈಟ್. ಈಗ 10,000 ಬೈಟ್ ಬರೆಯಲು ಹೇಳಿದರೆ ರೈಟ್ 8192 ಅಂತ ಕೊಡುತ್ತದೆ. ತಪ್ಪಿನ ಸಂಖ್ಯೆ ಏನೂ ಇಲ್ಲ. ಉಳಿದದ್ದಕ್ಕೆ ಮತ್ತೆ ಕರೆದಾಗ ಮಾತ್ರ ಎಕ್ಸ್‌ಎಫ್‌ಎಸ್‌ಝಡ್ ಸಿಗ್ನಲ್ (ಮಿತಿ ಮೀರಿತು ಅಂತ ಕರ್ನಲ್ ಕಳಿಸುವ ಸೂಚನೆ) ಬರುತ್ತದೆ. ಆ ಸಿಗ್ನಲ್ ಅನ್ನು ಕಡೆಗಣಿಸಿದ್ದರೆ ತಪ್ಪು ಸಂಖ್ಯೆ 27 ಸಿಗುತ್ತದೆ. ಒಂದೇ ಸಲ ಕರೆದು ಸುಮ್ನಾಗುವ ಕೋಡ್ 1808 ಬೈಟ್ ಕಳೆದುಕೊಂಡು, ಎಲ್ಲ ಸರಿಯಾಯಿತು ಅಂತ ಹೇಳುತ್ತದೆ. ಇನ್ನೊಂದು ಗಡಿ ಲಿನಕ್ಸ್‌ನದ್ದೇ: ಒಂದು ರೀಡ್ ಅಥವಾ ರೈಟ್ 2,14,74,79,552 ಬೈಟ್‌ಗಿಂತ ಜಾಸ್ತಿ ಸಾಗಿಸುವುದಿಲ್ಲ, 64 ಬಿಟ್ ಯಂತ್ರದಲ್ಲೂ ಅಷ್ಟೇ.

ಹಾಗಾಗಿ ಲೈಬ್ರರಿಯ ಒಳಗೆ 'ಪೂರ್ತಿ ಬರೆ' ಅನ್ನೋ ಒಂದು ಫಂಕ್ಷನ್ ಇಟ್ಟೆ. ಬರೆದಷ್ಟನ್ನು ಕಳೆಯುತ್ತ, ಪಾಯಿಂಟರ್ ಮುಂದೆ ಸರಿಸುತ್ತ, ಉಳಿದದ್ದು 0 ಆಗುವ ತನಕ ಓಡುವ ಲೂಪ್. ತಪ್ಪು ಬಂದರೆ ಎಷ್ಟು ಬರೆದಾಗಿತ್ತು ಅನ್ನೋದನ್ನೂ ಕರೆದವರಿಗೆ ತಿಳಿಸುತ್ತದೆ. ಈ ಸಂಖ್ಯೆ ಮುಂದೆ ಬಫರ್ ಸರಿಪಡಿಸಲು ಬೇಕಾಗುತ್ತೆ.

ಸಿಗ್ನಲ್ ಬಂದು ಕಾಲ್ ಅರ್ಧಕ್ಕೆ ಮುರಿದರೆ ತಪ್ಪು ಸಂಖ್ಯೆ 4. ಬರೆಯುವಾಗ ಇದನ್ನು ನುಂಗಿ ಮತ್ತೆ ಪ್ರಯತ್ನಿಸುತ್ತೇನೆ, ಅರ್ಧ ಬರೆದು ಬಿಡುವುದರಲ್ಲಿ ಯಾರಿಗೂ ಲಾಭವಿಲ್ಲ. ಓದುವಾಗ ಹಾಗಲ್ಲ. ಬಳಕೆದಾರರು ಏನೂ ಟೈಪ್ ಮಾಡದೆ ಕೂತಿರುವಾಗ ಅಲಾರಂ ಸಿಗ್ನಲ್ ಬಂದರೆ, ಪ್ರೋಗ್ರಾಂಗೆ ಆ ರೀಡ್‌ನಿಂದ ಹೊರಬರುವ ದಾರಿ ಬೇಕು. ಹಾಗಾಗಿ ಓದುವ ಕಡೆ 4 ಅನ್ನು ಹಾಗೇ ಮೇಲಕ್ಕೆ ಕಳಿಸಿದೆ. ಇದನ್ನು ಪರೀಕ್ಷಿಸಲು ಸಿಗ್ನಲ್ ಹ್ಯಾಂಡ್ಲರ್, ಅಂದರೆ ಸಿಗ್ನಲ್ ಬಂದಾಗ ಓಡುವ ಫಂಕ್ಷನ್, ಬೇಕು. ಎಕ್ಸ್86-64ರಲ್ಲಿ, ಅಂದರೆ ನನ್ನ ಯಂತ್ರದಂಥ 64 ಬಿಟ್ ಇಂಟೆಲ್ ಬಗೆಯಲ್ಲಿ, ಅದಕ್ಕೆ ರಿಸ್ಟೋರರ್ ಅನ್ನೋ ಇನ್ನೊಂದು ತುಂಡು ಕೋಡನ್ನೂ ನಾವೇ ಕೊಡಬೇಕು, ಹ್ಯಾಂಡ್ಲರ್ ಮುಗಿದ ಮೇಲೆ 15ನೇ ಕಾಲ್ ಮಾಡಿ ಹಿಂದಿನ ಸ್ಥಿತಿಗೆ ಮರಳಿಸಲು. ಜಿಲಿಬ್‌ಸಿ ಇಷ್ಟು ದಿನ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ ಇದು.

ಕ್ಲೋಸ್ ಮಾತ್ರ ಇದಕ್ಕೆ ತದ್ವಿರುದ್ಧ. ಲಿನಕ್ಸ್‌ನಲ್ಲಿ ಕ್ಲೋಸ್ 4 ಅಂತ ತಪ್ಪು ಕೊಟ್ಟರೂ ಡಿಸ್ಕ್ರಿಪ್ಟರ್ ಆಗಲೇ ಬಿಡುಗಡೆಯಾಗಿರುತ್ತದೆ. ಮತ್ತೆ ಕರೆದರೆ, ಅಷ್ಟರಲ್ಲಿ ಇನ್ನೊಂದು ಥ್ರೆಡ್ (ಅದೇ ಪ್ರೋಗ್ರಾಂನಲ್ಲಿ ಜೊತೆಗೇ ಓಡುವ ಎಳೆ) ಅದೇ ನಂಬರ್‌ನಲ್ಲಿ ತೆರೆದ ಬೇರೆ ಫೈಲ್ ಮುಚ್ಚಿಹೋಗಬಹುದು. ಕ್ಲೋಸ್‌ಗೆ ಲೂಪ್ ಹಾಕಲೇಬಾರದು.

ಫೈಲ್ ಅನ್ನೋ ಸ್ಟ್ರಕ್ಚರ್

1979ರ ಏಳನೇ ಆವೃತ್ತಿ ಯುನಿಕ್ಸ್‌ನ ಸ್ಟ್ಯಾಂಡರ್ಡ್ ಐಓ ಹೆಡರ್ ನೋಡಿದರೆ ಖುಷಿಯಾಗುತ್ತದೆ. ಫೈಲ್ ಸ್ಟ್ರಕ್ಚರ್‌ನಲ್ಲಿ ಐದೇ ಅಂಗ: ಮುಂದಿನ ಬೈಟ್‌ನ ಪಾಯಿಂಟರ್, ಉಳಿದ ಎಣಿಕೆ, ಬಫರ್‌ನ ಬುಡ, ಫ್ಲ್ಯಾಗ್‌ಗಳು, ಡಿಸ್ಕ್ರಿಪ್ಟರ್ ನಂಬರ್. ಬಫರ್ 512 ಬೈಟ್, ಒಟ್ಟು 20 ಫೈಲ್. ನನ್ನದೂ ಹೆಚ್ಚುಕಡಿಮೆ ಅದೇ ಅಚ್ಚು. ಬೇಕಾದಾಗ ಮೆಮೊರಿ ಕೊಡುವ ಮ್ಯಾಲಕ್ ಇಲ್ಲದ ಕಾರಣ 16 ಫೈಲ್‌ಗಳ ಸ್ಥಿರ ಪಟ್ಟಿ ಇಟ್ಟೆ. ಸಿ ಭಾಷೆಯ ಸ್ಟ್ಯಾಂಡರ್ಡ್ ಕೇಳುವುದು ಕನಿಷ್ಠ 8, ಅದೂ ಇನ್‌ಪುಟ್, ಔಟ್‌ಪುಟ್, ಎರರ್ ಮೂರೂ ಸೇರಿ. ಬಫರ್ 4096 ಬೈಟ್. ಅದರ ಮುಂದೆ 4 ಬೈಟ್ ಖಾಲಿ ಜಾಗ, ಅನ್‌ಗೆಟ್‌ಸಿಗಾಗಿ. ಸ್ಟ್ಯಾಂಡರ್ಡ್ ಒಂದೇ ಬೈಟ್ ಹಿಂದಕ್ಕೆ ತಳ್ಳುವ ಭರವಸೆ ಕೊಡುತ್ತದೆ. ಯುಟಿಎಫ್-8ರ ಒಂದು ಸಂಕೇತ 4 ಬೈಟ್ ತನಕ ಬೆಳೆಯಬಹುದು. ಕನ್ನಡ ಓದುವವರಿಗೆ ಒಂದು ಬೈಟ್ ಹಿಂದೆ ಹೋಗಿ ಏನು ಪ್ರಯೋಜನ?

ಎಫ್‌ಓಪನ್‌ನ ಮೋಡ್ ಅಕ್ಷರಗಳನ್ನು ಓಪನ್ ಫ್ಲ್ಯಾಗ್‌ಗಳಿಗೆ ಇಳಿಸುವುದು ಸುಲಭದ ಕೆಲಸ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಹೊಸ ಫೈಲ್ ಹುಟ್ಟಿಸುವಾಗ ಓಪನ್‌ಗೆ ಮೂರನೇ ಆರ್ಗ್ಯುಮೆಂಟ್, ಅಂದರೆ ಅನುಮತಿ, ಕೊಡಲೇಬೇಕು. ಲೈಬ್ರರಿ ಆಕ್ಟಲ್ 0666 ಕೊಡುತ್ತದೆ, ಕರ್ನಲ್ ಅದರಿಂದ ಯುಮಾಸ್ಕ್ (ಕೊಡಬಾರದ ಅನುಮತಿಗಳು) ಬಿಟ್‌ಗಳನ್ನು ತೆಗೆಯುತ್ತದೆ. ಯುಮಾಸ್ಕ್ 022 ಇದ್ದರೆ 0644. ಕೊಡದಿದ್ದರೆ ಆರ್‌ಡಿಎಕ್ಸ್‌ನಲ್ಲಿ ಆಗ ಏನಿತ್ತೋ ಅದೇ ಅನುಮತಿ ಆಗಿಬಿಡುತ್ತದೆ.

ಗೆಟ್‌ಸಿ

ಒಂದೊಂದು ಬೈಟ್‌ಗೂ ಕರ್ನಲ್‌ಗೆ ಹೋಗುವುದು ಒಂದೊಂದು ಹಸಿಮೆಣಸಿನಕಾಯಿಗೂ ಸಂತೆಗೆ ಹೋಗಿಬಂದ ಹಾಗೆ. ಗೆಟ್‌ಸಿ ಮಾಡುವುದಿಷ್ಟೇ: ಎಣಿಕೆ ಉಳಿದಿದ್ದರೆ ಒಂದು ಬೈಟ್ ಕೊಟ್ಟು ಪಾಯಿಂಟರ್ ಮುಂದೆ ಸರಿಸು, ಇಲ್ಲದಿದ್ದರೆ ಬಫರ್ ತುಂಬಿಸು. ತುಂಬಿಸುವಾಗ ರೀಡ್ ಒಂದೇ ಸಲ. ಬಫರ್ ಪೂರ್ತಿ ತುಂಬಲಿ ಅಂತ ಲೂಪ್ ಹಾಕಿದರೆ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿದವರು ಇನ್ನೂ ನಾಲ್ಕು ಸಾವಿರ ಬೈಟ್ ಕೊಡುವ ತನಕ ಕಾಯಬೇಕಾಗುತ್ತೆ. ಬರೆಯುವ ಕಡೆ ಲೂಪ್ ಬೇಕೇ ಬೇಕು, ಓದುವ ಕಡೆ ಬೇಡವೇ ಬೇಡ. ಈ ವ್ಯತ್ಯಾಸ ನನಗೆ ಬಹಳ ಇಷ್ಟವಾಯಿತು.

ವ್ಯತ್ಯಾಸ ಅಳೆಯಲು 10,48,576 ಬೈಟ್‌ನ ಫೈಲ್ ತೆಗೆದುಕೊಂಡೆ. ಬಫರ್ 1 ಬೈಟ್ ಮಾಡಿ ಕಾಪಿ ಮಾಡಿದರೆ 10,48,576 ರೈಟ್, ಅದಕ್ಕಿಂತ ಒಂದು ಜಾಸ್ತಿ ರೀಡ್. ಆ ಒಂದು, ಕೊನೆಯ 0 ತರುವುದಕ್ಕೆ. 4096 ಮಾಡಿದರೆ 256 ರೈಟ್, 257 ರೀಡ್. 65,536 ಮಾಡಿದರೆ 16 ಮತ್ತು 17. ಮೊದಲ ಜಿಗಿತದಲ್ಲಿ ಸಿಗುವ ಲಾಭದ ಮುಂದೆ ಎರಡನೆಯದು ಚಿಕ್ಕದು, ಅದಕ್ಕೇ 4096ಕ್ಕೆ ನಿಂತೆ. ಮಸಲ್ ಅನ್ನೋ ಇನ್ನೊಂದು ಸಿ ಲೈಬ್ರರಿ 1024ರಲ್ಲೇ ಸಂಸಾರ ನಡೆಸುತ್ತದೆ.

ಬೈಟ್ ಕೊಡುವಾಗ ಅನ್‌ಸೈನ್ಡ್ ಮಾಡಿ ಇಂಟ್ ಆಗಿ ಕೊಡಬೇಕು. ಎಕ್ಸ್86ರಲ್ಲಿ ಜಿಸಿಸಿಯ ಚಾರ್ ಸೈನ್ಡ್, ಅಂದರೆ ಋಣ ಸಂಖ್ಯೆಯನ್ನೂ ಹಿಡಿಯುವಂಥದ್ದು. 'ಕ'ದ ಮೊದಲ ಬೈಟ್ 224 ಅಲ್ಲಿ -32 ಆಗುತ್ತದೆ. 255 ಆದರೆ -1, ಅಂದರೆ 'ಫೈಲ್ ಮುಗಿಯಿತು' ಅನ್ನಲು ಗೆಟ್‌ಸಿ ಕೊಡುವ ಇಓಎಫ್‌ನ ಬೆಲೆಯೇ! ವಿಚಿತ್ರ ಏನು ಗೊತ್ತಾ, ಕನ್ನಡ ಫೈಲ್‌ಗಳಿಂದ ಈ ಒಂದು ತಪ್ಪು ಸಿಗುವುದಿಲ್ಲ. ಸರಿಯಾದ ಯುಟಿಎಫ್-8ರಲ್ಲಿ 255 ಬರುವುದೇ ಇಲ್ಲ. ಜೆಪೆಗ್ ಫೋಟೋ ಬೇಕು. ಅದರ ಮೊದಲ ಎರಡು ಬೈಟ್ 255, 216. ಬೇಕಂತಲೇ ಅನ್‌ಸೈನ್ಡ್ ತೆಗೆದು ಫೋಟೋ ಕಾಪಿ ಮಾಡಿದರೆ 0 ಬೈಟ್‌ನ ಫೈಲ್ ಹುಟ್ಟುತ್ತದೆ, ಮೊದಲ ಬೈಟ್‌ನಲ್ಲೇ 'ಮುಗಿಯಿತು'. ಅದೇ ಕೋಡನ್ನು ಚಾರ್ ಅನ್‌ಸೈನ್ಡ್ ಆಗಿರುವ ಆರ್ಮ್ ಲಿನಕ್ಸ್‌ನಲ್ಲಿ ಓಡಿಸಿದರೆ ತಪ್ಪು ಮಾಯ. ಪರೀಕ್ಷೆಯ ಪಟ್ಟಿಯಲ್ಲಿ ಒಂದು ಫೋಟೋ ಖಾಯಂ ಆಯಿತು.

ಫೈಲ್ ಮುಗಿದಿದ್ದು ಒಮ್ಮೆ ತಿಳಿದ ಮೇಲೆ ಗೆಟ್‌ಸಿ ಮತ್ತೆ ಕೇಳಿದರೂ ಇಓಎಫ್ ಅನ್ನೇ ಕೊಡಬೇಕು. ಟರ್ಮಿನಲ್‌ನಲ್ಲಿ ಇದರ ಬೆಲೆ ತಿಳಿಯುತ್ತದೆ. ಕಂಟ್ರೋಲ್-ಡಿ ಒತ್ತಿದಾಗ ರೀಡ್ 0 ಕೊಡುತ್ತದೆ, ಆದರೆ ಮತ್ತೆ ಕರೆದರೆ ಹೊಸದಾಗಿ ಕಾಯಲು ಕೂರುತ್ತದೆ. ಜಿಲಿಬ್‌ಸಿ ಕೂಡ 2018ರ 2.28 ಆವೃತ್ತಿಯಲ್ಲಷ್ಟೇ ಇದನ್ನು ಎಲ್ಲ ಫಂಕ್ಷನ್‌ಗಳಿಗೂ ಸರಿಮಾಡಿತು. ನನ್ನದರಲ್ಲಿ ತುಂಬಿಸುವ ಫಂಕ್ಷನ್‌ನ ಮೊದಲ ಸಾಲಿನಲ್ಲೇ ಆ ಫ್ಲ್ಯಾಗ್ ನೋಡುತ್ತೇನೆ.

ಅಕ್ಷರ ಎಣಿಸುವ ಪ್ರೋಗ್ರಾಂ ಗೆಟ್‌ಸಿ ಮೇಲೆಯೇ ನಿಂತಿದೆ. ಬರೀ ಕನ್ನಡ ತುಂಬಿದ ಫೈಲ್‌ನಲ್ಲಿ ಮೊದಲ ಬಫರ್‌ಗೆ 1365 ಪೂರ್ತಿ ಸಂಕೇತ ಹಿಡಿದು ಒಂದು ಬೈಟ್ ಮಿಗುತ್ತದೆ. ಮುಂದಿನ ಅಕ್ಷರದ ತಲೆ ಇಲ್ಲಿ, ಉಳಿದ ಎರಡು ಬೈಟ್ ಆಚೆ. ಗೆಟ್‌ಸಿ ಮೂಲಕ ಓದುವವರಿಗೆ ಈ ಗಡಿ ತಿಳಿಯುವುದೇ ಇಲ್ಲ, ಅದಕ್ಕೇ ಅಲ್ವಾ ಈ ಪದರ ಇರುವುದು. 'ಸ್ತ್ರೀ' ಅನ್ನೋ ಒಂದು ಅಕ್ಷರಕ್ಕೆ 6 ಸಂಕೇತ, 18 ಬೈಟ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವುದನ್ನು ಒಂದೇ ಅಂತ ಎಣಿಸಲು ಹಲಂತ ಮತ್ತು ಸ್ವರಚಿಹ್ನೆಗಳ ನಿಯಮ ಬೇಕು, ಅದು ಈ ಪದರಕ್ಕಿಂತ ಮೇಲಿನ ಕೆಲಸ.

ಪುಟ್‌ಸಿ ಮತ್ತು ಖಾಲಿ ಮಾಡುವ ಹೊತ್ತು

ಬರೆಯುವಾಗ ಪ್ರಶ್ನೆ ಒಂದೇ: ಬಫರ್‌ನಲ್ಲಿದ್ದದ್ದನ್ನು ಯಾವಾಗ ಕರ್ನಲ್‌ಗೆ ಕೊಡಬೇಕು? ಎರರ್ ಔಟ್‌ಪುಟ್ ಕೂಡಲೇ. ಮಾಮೂಲಿ ಔಟ್‌ಪುಟ್ ಟರ್ಮಿನಲ್ ಆಗಿದ್ದರೆ ಸಾಲು ಮುಗಿದಾಗ, ಫೈಲ್ ಅಥವಾ ಪೈಪ್ ಆಗಿದ್ದರೆ ಬಫರ್ ತುಂಬಿದಾಗ. ಟರ್ಮಿನಲ್ ಹೌದೋ ಅಲ್ಲವೋ ಅಂತ ತಿಳಿಯಲು ಐಆಕ್ಟಲ್ ಕಾಲ್, ನಂಬರ್ 16. ಅದು ಟರ್ಮಿನಲ್ ಸೆಟ್ಟಿಂಗ್ ಕೇಳುತ್ತದೆ, ಫೈಲ್ ಆದರೆ ತಪ್ಪು 25 ಬರುತ್ತದೆ.

ಖಾಲಿ ಮಾಡುವಾಗ ಮಧ್ಯದಲ್ಲಿ ತಪ್ಪಾದರೆ? ಬರೆದದ್ದನ್ನು ಬಿಟ್ಟು ಉಳಿದದ್ದನ್ನು ಬಫರ್‌ನ ಮುಂದಕ್ಕೆ ಸರಿಸಿ ಎರರ್ ಫ್ಲ್ಯಾಗ್ ಏರಿಸುತ್ತೇನೆ. ಮಸಲ್ ಇಂಥ ಹೊತ್ತಿನಲ್ಲಿ ಬಫರನ್ನು ಖಾಲಿ ಎಂದೇ ಗುರುತಿಸುತ್ತದೆ. ಅದಕ್ಕೂ ಅರ್ಥವಿದೆ, ತಪ್ಪು ಹೇಳಿಯಾಗಿದೆ. ಆದರೆ ಡಿಸ್ಕ್‌ನಲ್ಲಿ ಜಾಗ ಮಾಡಿಕೊಟ್ಟು ಮತ್ತೆ ಪ್ರಯತ್ನಿಸುವವರಿಗೆ ಬೈಟ್‌ಗಳು ಉಳಿದಿರಲಿ ಅಂತ ನನ್ನ ಆಯ್ಕೆ.

ಈ ದಾರಿ ಪರೀಕ್ಷಿಸಲು /ಡೆವ್/ಫುಲ್ ಅನ್ನೋ ಸಾಧನ ಲಿನಕ್ಸ್‌ನಲ್ಲೇ ಇದೆ. ಅದಕ್ಕೆ ಏನೇ ಬರೆದರೂ 'ಜಾಗವಿಲ್ಲ', ತಪ್ಪು 28. ನಿಮ್ಮದೇ ಯಾವುದಾದರೂ ಪ್ರೋಗ್ರಾಂನ ಔಟ್‌ಪುಟ್ ಅನ್ನು ಅಲ್ಲಿಗೆ ತಿರುಗಿಸಿ ಎಕ್ಸಿಟ್ ಸ್ಥಿತಿ ನೋಡಿ. 0 (ಅಂದರೆ 'ಎಲ್ಲ ಸರಿ') ಬಂದರೆ ಅದು ಸುಳ್ಳು ಹೇಳುತ್ತಿದೆ. ನಾಲ್ಕು ಸಾಲು ಪ್ರಿಂಟ್ ಮಾಡುವ ಪ್ರೋಗ್ರಾಂನಲ್ಲಿ ಪುಟ್‌ಸಿಗಳೆಲ್ಲ ಗೆಲ್ಲುತ್ತವೆ, ಯಾಕೆಂದರೆ ಅವು ಬರೆದದ್ದು ಬಫರ್‌ಗೆ. ಸೋಲು ಕಾಣುವುದು ಕೊನೆಯ ಎಫ್‌ಫ್ಲಶ್ ಅಥವಾ ಎಫ್‌ಕ್ಲೋಸ್‌ನಲ್ಲಿ ಮಾತ್ರ. ನನ್ನ ಸ್ಟಾರ್ಟ್ ಕೋಡ್‌ನಲ್ಲಿ, ಮೈನ್ 0 ಕೊಟ್ಟರೂ ಕೊನೆಯ ಖಾಲಿ ಮಾಡುವಿಕೆ ಸೋತರೆ ಎಕ್ಸಿಟ್ ಸ್ಥಿತಿ 1 ಮಾಡುತ್ತೇನೆ. ಸ್ಟ್ಯಾಂಡರ್ಡ್ ಇದನ್ನು ಕೇಳುವುದಿಲ್ಲ. ಆದರೂ ಇಟ್ಟೆ.

ಓಡುತ್ತಿರುವ ಪ್ರೋಗ್ರಾಂನ ನಕಲು ಹುಟ್ಟಿಸುವ ಫೋರ್ಕ್ ಕಾಲ್‌ನ ಹಳೆಯ ಚಮತ್ಕಾರವೂ ಇಲ್ಲೇ ಅರ್ಥವಾಗುತ್ತದೆ. 'ನಮಸ್ಕಾರ' ಅಂತ ಒಂದು ಸಾಲು ಬರೆದು ಫೋರ್ಕ್ ಮಾಡಿ. ಟರ್ಮಿನಲ್‌ನಲ್ಲಿ ಒಮ್ಮೆ ಕಾಣುತ್ತದೆ, ಫೈಲ್‌ಗೆ ತಿರುಗಿಸಿದರೆ ಎರಡು ಸಲ. ಫೈಲ್ ಆದಾಗ ಸಾಲು ಇನ್ನೂ ಬಫರ್‌ನಲ್ಲೇ ಇತ್ತು, ಮೆಮೊರಿಯ ಜೊತೆ ಬಫರ್ ಕೂಡ ನಕಲಾಯಿತು, ಇಬ್ಬರೂ ಖಾಲಿ ಮಾಡಿದರು.

ಎರಡು ಸ್ಥಾನಗಳ ಲೆಕ್ಕ

ಬಫರ್ ಬಂದ ಕೂಡಲೇ ಫೈಲ್‌ಗೆ ಎರಡು ಸ್ಥಾನಗಳಾಗುತ್ತವೆ. ಕರ್ನಲ್ ತಿಳಿದಿರುವುದು ಒಂದು, ಪ್ರೋಗ್ರಾಂ ತಿಳಿದಿರುವುದು ಇನ್ನೊಂದು. ದೊಡ್ಡ ಫೈಲ್‌ನಿಂದ 10 ಬೈಟ್ ಓದಿದ್ದೇನೆ ಅನ್ನಿ. ಕರ್ನಲ್ ಪ್ರಕಾರ ನಾವು 4096ರಲ್ಲಿದ್ದೇವೆ. ಈಗ 'ಇಲ್ಲಿಂದ 5 ಮುಂದೆ' ಅಂತ ಎಫ್‌ಸೀಕ್ ಮಾಡಿದರೆ 15ಕ್ಕೆ ಹೋಗಬೇಕು. ಎಲ್‌ಸೀಕ್‌ಗೆ ಹಾಗೇ ದಾಟಿಸಿದರೆ 4101. ಆದ್ದರಿಂದ ಓದುವಾಗ ಉಳಿದ ಎಣಿಕೆಯನ್ನು ಕಳೆಯಬೇಕು. ಬರೆಯುವಾಗ ಮೊದಲು ಖಾಲಿ ಮಾಡಿ ಆಮೇಲೆ ಕೇಳಬೇಕು. ಅಪೆಂಡ್ (ಕೊನೆಗೆ ಸೇರಿಸುವ) ಮೋಡ್‌ನಲ್ಲಿ ಬಫರ್‌ನ ಎಣಿಕೆಯನ್ನು ಸುಮ್ನೆ ಕೂಡಿಸಿದರೆ ತಪ್ಪಾಗುತ್ತದೆ, ಏಕೆಂದರೆ ಬರೆಯುವ ಹೊತ್ತಿನಲ್ಲಿ ಕರ್ನಲ್ ಸ್ಥಾನವನ್ನು ತಾನೇ ಫೈಲ್‌ನ ತುದಿಗೆ ಒಯ್ಯುತ್ತದೆ. ಪೈಪ್ ಆದರೆ ಎಲ್‌ಸೀಕ್ ತಪ್ಪು 29 ಕೊಡುತ್ತದೆ, ಅದನ್ನು ಹಾಗೇ ಮೇಲಕ್ಕೆ ಕೊಟ್ಟೆ.

ಅಪೆಂಡ್ ಮೋಡ್‌ನ ಆ ಗುಣವನ್ನು ಕರ್ನಲ್‌ಗೇ ಬಿಡಬೇಕು. ಲೈಬ್ರರಿ ತಾನೇ ತುದಿಗೆ ಎಲ್‌ಸೀಕ್ ಮಾಡಿ ರೈಟ್ ಮಾಡಿದರೆ, ಆ ಎರಡರ ನಡುವೆ ಇನ್ನೊಂದು ಪ್ರೋಗ್ರಾಂ ಬರೆದಿರಬಹುದು. ಒಂದೇ ಲಾಗ್ ಫೈಲ್‌ಗೆ ಎರಡು ಪ್ರೋಗ್ರಾಂಗಳಿಂದ 1000 ಸಾಲುಗಳಂತೆ, ಪ್ರತಿ ಸಾಲಿಗೂ ಖಾಲಿ ಮಾಡುತ್ತ ಬರೆಸಿದೆ. ಓಪನ್‌ನಲ್ಲೇ ಅಪೆಂಡ್ ಫ್ಲ್ಯಾಗ್ ಕೊಟ್ಟಾಗ 2000 ಸಾಲೂ ಇದ್ದವು. ಎಲ್‌ಸೀಕ್ ದಾರಿಯಲ್ಲಿ ಕೆಲವು ಸಾಲು ಇನ್ನೊಂದರ ಕೆಳಗೆ ಹೂತುಹೋದವು.

ಎರಡು ಸ್ಥಾನಗಳ ಗೊಂದಲ ಪ್ರೋಗ್ರಾಂ ಮುಗಿದ ಮೇಲೂ ಬೆನ್ನು ಹತ್ತುತ್ತದೆ. ಶೆಲ್‌ನಲ್ಲಿ ಒಂದು ಆವರಣದೊಳಗೆ ಮೊದಲು ನನ್ನ 'ಮೊದಲ ಸಾಲು' ಪ್ರೋಗ್ರಾಂ, ಆಮೇಲೆ ಓದಿದ್ದನ್ನು ಹಾಗೇ ತೋರಿಸುವ ಕ್ಯಾಟ್, ಎರಡಕ್ಕೂ ಒಂದೇ ಫೈಲ್ ಇನ್‌ಪುಟ್ ಕೊಟ್ಟೆ. ಫೈಲ್‌ನಲ್ಲಿ ಎರಡು ಚಿಕ್ಕ ಕನ್ನಡ ಸಾಲು, ಆಮೇಲೆ ಸಾಲು ಮುರಿಯದೆ ಉದ್ದಕ್ಕೂ ಕನ್ನಡ. ಮೊದಲ ಪ್ರೋಗ್ರಾಂ ಒಂದು ಸಾಲು ಬರೆದು ನಿಂತಿತು, ಆದರೆ ಬಫರ್‌ಗೆ 4096 ಎಳೆದುಕೊಂಡಾಗಿತ್ತು. ಕ್ಯಾಟ್ ಅಲ್ಲಿಂದ ಶುರು ಮಾಡಿತು. ಎರಡು ಸಾಲುಮುರಿ ಕಳೆದರೆ 4094, ಅಂದರೆ 1364 ಸಂಕೇತ ಮತ್ತು ಇನ್ನೊಂದರ 2 ಬೈಟ್. ಕ್ಯಾಟ್‌ನ ಪಾಲಿಗೆ ಬಂದದ್ದು ಒಂದು ಅಕ್ಷರದ ಬಾಲ. ಪರದೆಯ ಮೇಲೆ ಒಡೆದ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕದ ಗುರುತು ನಿಂತಿತು. ಎರಡನೇ ಸಾಲು ನಾಪತ್ತೆ. ಮುಚ್ಚುವಾಗ, ಎಕ್ಸಿಟ್ ಆಗುವಾಗ, ಓದದೆ ಉಳಿದಷ್ಟನ್ನು ಎಲ್‌ಸೀಕ್ ಮಾಡಿ ಹಿಂದಕ್ಕೆ ಕೊಡಬೇಕು ಅಂತ ಪೋಸಿಕ್ಸ್ (ಯುನಿಕ್ಸ್ ಬಗೆಯ ವ್ಯವಸ್ಥೆಗಳ ಸ್ಟ್ಯಾಂಡರ್ಡ್) ಹೇಳುವುದು ಇದಕ್ಕೇ. ಅದನ್ನು ಮಾಡುವ ಸಾಲನ್ನು ಕೋಡ್‌ಗೆ ಸೇರಿಸಿದ ಮೇಲೆ ಕ್ಯಾಟ್ ಎರಡನೇ ಸಾಲಿನಿಂದ ಸರಿಯಾಗಿ ಹಿಡಿಯಿತು.

ಒಂದೇ ಫೈಲ್‌ನಲ್ಲಿ ಓದುವುದು ಬರೆಯುವುದು ಎರಡೂ ಇದ್ದರೆ, ಓದಿದ ಮೇಲೆ ನೇರ ಬರೆಯಬಾರದು, ನಡುವೆ ಎಫ್‌ಸೀಕ್ ಬೇಕು ಅಂತ ಸ್ಟ್ಯಾಂಡರ್ಡ್ ಹೇಳುತ್ತದೆ. ಮುರಿದರೆ ಏನಾದರೂ ಆಗಬಹುದು. ನನ್ನದರಲ್ಲಿ ಫ್ಲ್ಯಾಗ್ ನೋಡಿ ಸೀದಾ ತಪ್ಪು ಕೊಡುತ್ತೇನೆ. ಸದ್ದಿಲ್ಲದೆ ಕೆಡುವುದಕ್ಕಿಂತ ಅದು ಎಷ್ಟೋ ವಾಸಿ.

ಎಫ್‌ಕ್ಲೋಸ್ ಆದರೂ ಡಿಸ್ಕ್ ಸೇರಿಲ್ಲ

ಎಫ್‌ಕ್ಲೋಸ್ ಗೆದ್ದಿತು ಅಂದರೆ ಬೈಟ್‌ಗಳು ಕರ್ನಲ್‌ಗೆ ಸೇರಿದವು ಅಂತಷ್ಟೇ. ಡಿಸ್ಕ್‌ಗೆ ಸೇರಲು ಎಫ್‌ಸಿಂಕ್, ಕಾಲ್ ನಂಬರ್ 74. ಇದನ್ನು ಎಫ್‌ಕ್ಲೋಸ್ ಒಳಗೇ ಇಡಬೇಕೇ ಅಂತ ಬಹಳ ಯೋಚಿಸಿದೆ. ಇಡಲಿಲ್ಲ. ತಾತ್ಕಾಲಿಕ ಫೈಲ್ ಬರೆಯುವವರೂ ಪ್ರತಿ ಸಲ ಡಿಸ್ಕ್‌ಗೆ ಕಾಯಬೇಕಾಗುತ್ತೆ, ಅದು ನ್ಯಾಯವಲ್ಲ. ಬದಲಿಗೆ 'ಭದ್ರವಾಗಿ ಉಳಿಸು' ಅಂತ ಬೇರೆ ಫಂಕ್ಷನ್ ಬರೆದೆ. ಅದೇ ಫೋಲ್ಡರ್‌ನಲ್ಲಿ ಹೊಸ ಹೆಸರಿನ ಫೈಲ್ ಬರೆದು, ಬಫರ್ ಖಾಲಿ ಮಾಡಿ, ಎಫ್‌ಸಿಂಕ್ ಮಾಡಿ, ಮುಚ್ಚಿ, ಹಳೆಯ ಹೆಸರಿಗೆ ರಿನೇಮ್ ಮಾಡಿ, ಕೊನೆಗೆ ಆ ಫೋಲ್ಡರ್ ಅನ್ನೂ ತೆರೆದು ಎಫ್‌ಸಿಂಕ್. ನಡುವೆ ಕರೆಂಟ್ ಹೋದರೂ ಹಳೆಯದು ಅಥವಾ ಹೊಸದು, ಎರಡರಲ್ಲೊಂದು ಪೂರ್ತಿ ಇರುತ್ತದೆ.

ಎಫ್‌ಸಿಂಕ್ ತಪ್ಪು ಕೊಟ್ಟರೆ ಮತ್ತೆ ಪ್ರಯತ್ನಿಸುವ ಲೂಪ್ ಇಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರು ಇದೇ ವಿಷಯದಲ್ಲಿ ತಲೆ ಕೆಡಿಸಿಕೊಂಡಿದ್ದರು. ಲಿನಕ್ಸ್ ತಪ್ಪನ್ನು ಒಮ್ಮೆ ಹೇಳಿ, ಬರೆಯಲಾಗದ ಮೆಮೊರಿ ಪುಟಗಳನ್ನು ಬರೆದಾಯಿತು ಎಂಬಂತೆ ಗುರುತಿಸಿಬಿಡಬಹುದು. ಎರಡನೇ ಎಫ್‌ಸಿಂಕ್ ಗೆಲ್ಲುತ್ತದೆ, ಡೇಟಾ ಮಾತ್ರ ಹೋಗಿರುತ್ತದೆ. ಅವರು ಆಮೇಲೆ ಎಫ್‌ಸಿಂಕ್ ಸೋತರೆ ಸರ್ವರನ್ನೇ ನಿಲ್ಲಿಸಿ, ತಮ್ಮ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುವಂತೆ ಬದಲಿಸಿದರು. ನನ್ನ ಫಂಕ್ಷನ್ ತಾತ್ಕಾಲಿಕ ಫೈಲ್ ಅಳಿಸಿ, ಹಳೆಯದನ್ನು ಮುಟ್ಟದೆ, ತಪ್ಪು ಸಂಖ್ಯೆಯೊಂದಿಗೆ ಮರಳುತ್ತದೆ. ಮತ್ತೆ ಬರೆಯಬೇಕೆಂದರೆ ಕರೆದವರು ಮೊದಲ ಬೈಟ್‌ನಿಂದ ಬರೆಯಬೇಕು.

ಥ್ರೆಡ್‌ಗಳಿಗೆ ಬೀಗ ಇನ್ನೂ ಹಾಕಿಲ್ಲ. ಪ್ರಿಂಟ್‌ಎಫ್ ಕೂಡ ಬಾಕಿ. ಪುಟ್‌ಸಿ ಇದೆ, ಸಂಖ್ಯೆಗಳನ್ನು ಕನ್ನಡ ಅಂಕಿಯಲ್ಲಿ ಬರೆಯುವ ಒಂದು ಗುರುತನ್ನೂ ಪ್ರಿಂಟ್‌ಎಫ್‌ನಲ್ಲಿ ಸೇರಿಸುವ ಯೋಚನೆ ಇದೆ. ಒಂದೊಂದು ಅಂಕಿಗೂ ಮೂರು ಬೈಟ್, ಹಾಗಾಗಿ ಅಗಲದ ಲೆಕ್ಕವನ್ನು ಬೈಟ್‌ನಲ್ಲಿ ಮಾಡುವಂತಿಲ್ಲ.